ಗ್ರಾಹಕನಿಗೆ ಬೇರೆ ಅಂಗಡಿಯಿಲ್ಲದಾಗ: ಅಮೆರಿಕದ ಬೇಸ್‌ಬಾಲ್ ಉದ್ಯಮದ ಲೆಕ್ಕಾವಲೋಕನ

ಅಸಮಾಧಾನಗೊಂಡ ಗ್ರಾಹಕನು ಸಾಮಾನ್ಯವಾಗಿ ಜಗಳಕ್ಕೆ ನಿಲ್ಲುವುದಿಲ್ಲ. ಮೌನವಾಗಿ ಎದುರಿನ ಅಂಗಡಿಗೆ ಹೋಗುತ್ತಾನೆ. ವರ್ತಕರೆಲ್ಲರೂ ಅನುಭವದಿಂದ ಬಲ್ಲ ಸಂಗತಿಯಿದು. ಆದರೆ ಸಾವಿರಾರು ಗ್ರಾಹಕರು ಹಣ ತೆತ್ತು ಒಳಗೆ ಬಂದು ಕುಳಿತು, "ಈ ವ್ಯಾಪಾರವನ್ನು ಬೇರೆ ಯಾರಿಗಾದರೂ ಮಾರಿಬಿಡಿ" ಎಂದು ಮಾಲೀಕನಿಗೆ ಒಕ್ಕೊರಲಿನಿಂದ ಕೂಗಿ ಹೇಳುವ ಪ್ರಸಂಗ ವಾಣಿಜ್ಯ ಪ್ರಪಂಚದಲ್ಲಿ ಅಪರೂಪ. 2025ರ ಏಪ್ರಿಲ್ 4ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ಹೀಗೆಯೇ ನಡೆಯಿತು. ಅಂದು ಪಿಟ್ಸ್‌ಬರ್ಗ್ ಪೈರೇಟ್ಸ್ ಬೇಸ್‌ಬಾಲ್ ತಂಡವು ಆ ಋತುವಿನಲ್ಲಿ ತವರಿನಲ್ಲಾಡಿದ ಮೊದಲ ಪಂದ್ಯ. ತಂಡವನ್ನು ಮಾರುವಂತೆ ಮಾಲೀಕ ಬಾಬ್ ನಟ್ಟಿಂಗ್ ಅವರನ್ನು ಒತ್ತಾಯಿಸುವ ಬರಹವನ್ನು ಬಾಲದಂತೆ ಕಟ್ಟಿಕೊಂಡ ಸಣ್ಣ ವಿಮಾನವೊಂದು ಕ್ರೀಡಾಂಗಣದ ಮೇಲೆ ಹಾರಿತು. ಕೆಳಗಿದ್ದ ಪ್ರೇಕ್ಷಕರು ಅದೇ ಮಾತನ್ನು ಘೋಷಣೆಯಾಗಿ ಕೂಗಿದರು. ವಿಮಾನದ ಬಾಡಿಗೆಯನ್ನು ತೆತ್ತವರೂ ಅಭಿಮಾನಿಗಳೇ.

ಬೇಸ್‌ಬಾಲ್ ಭಾರತೀಯರಿಗೆ ಅಷ್ಟಾಗಿ ಪರಿಚಿತವಾದ ಆಟವಲ್ಲ. 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಎಂಬ ಇಬ್ಬರು ತರುಣರು ಇದೇ ಪೈರೇಟ್ಸ್ ಸಂಸ್ಥೆಯೊಂದಿಗೆ ಕರಾರು ಮಾಡಿಕೊಂಡಾಗ ಇಲ್ಲಿನ ಪತ್ರಿಕೆಗಳಲ್ಲಿ ಅದು ಒಂದಿಷ್ಟು ಸುದ್ದಿಯಾಗಿತ್ತು. ಆದರೂ ಆ ಆಟದ ಹಿಂದಿರುವ ವ್ಯವಹಾರದ ಸ್ವರೂಪವು ವರ್ತಕರು ಮತ್ತು ಸಣ್ಣ ಉದ್ಯಮಿಗಳು ಗಮನಿಸಲು ಯೋಗ್ಯವಾದುದು. ಮೇಜರ್ ಲೀಗ್ ಬೇಸ್‌ಬಾಲ್ ಎಂಬ ಸಂಘಟನೆಯಲ್ಲಿ 30 ತಂಡಗಳಿವೆ. ಕೆನಡಾದ ಟೊರಾಂಟೊ ಒಂದನ್ನು ಬಿಟ್ಟರೆ ಉಳಿದವೆಲ್ಲವೂ ಅಮೆರಿಕದ ನಗರಗಳಿಗೆ ಸೇರಿದವು. ಪ್ರತಿ ತಂಡವೂ ವರ್ಷಕ್ಕೆ 162 ಪಂದ್ಯಗಳನ್ನಾಡುತ್ತದೆ. ಒಟ್ಟು 2,430 ಪಂದ್ಯಗಳು ಮುಗಿದ ಮೇಲೆ ಆಯ್ದ ತಂಡಗಳ ನಡುವೆ ಪ್ಲೇಆಫ್ ಸರಣಿಗಳು ಜರುಗಿ, ಕೊನೆಗೆ ವರ್ಲ್ಡ್ ಸೀರೀಸ್ ನಡೆಯುತ್ತದೆ. ಅಭಿಮಾನಿಗಳ ದೂರುಗಳು ಮುಖ್ಯವಾಗಿ ಎರಡು. ಕೆಲವು ಮಾಲೀಕರು ತಂಡಕ್ಕಾಗಿ ಹಣವನ್ನೇ ಬಿಚ್ಚುವುದಿಲ್ಲ, ಇನ್ನು ಕೆಲವರು ಮಿತಿಯಿಲ್ಲದೆ ಸುರಿಯುತ್ತಾರೆ ಎಂಬುದು ಮೊದಲನೆಯದು. ಪ್ಲೇಆಫ್‌ಗೆ ಪ್ರವೇಶ ಪಡೆಯುವ ತಂಡಗಳ ಸಂಖ್ಯೆಯನ್ನು ಹಿಗ್ಗಿಸಿ ಹಿಗ್ಗಿಸಿ, ಆರು ತಿಂಗಳ ಆಟಕ್ಕೆ ಬೆಲೆಯೇ ಇಲ್ಲದಂತೆ ಮಾಡಿದ್ದಾರೆ ಎಂಬುದು ಎರಡನೆಯದು. ಮೇಲ್ನೋಟಕ್ಕೆ ಇವು ಬೇರೆ ಬೇರೆ ವಿಷಯಗಳು. ಲೆಕ್ಕಪುಸ್ತಕದ ದೃಷ್ಟಿಯಿಂದ ನೋಡಿದರೆ ಎರಡಕ್ಕೂ ಮೂಲ ಒಂದೇ.

ಸೋತರೂ ಲಾಭ

ಪೈರೇಟ್ಸ್ ತಂಡವು 1993ರಿಂದ 2012ರವರೆಗೆ ಸತತ 20 ವರ್ಷ ಗೆಲುವಿಗಿಂತ ಹೆಚ್ಚು ಸೋಲುಗಳನ್ನು ಕಂಡಿತು. ಉತ್ತರ ಅಮೆರಿಕದ ವೃತ್ತಿಪರ ಕ್ರೀಡೆಗಳಲ್ಲಿ ಇದೊಂದು ದಾಖಲೆ. ಇಪ್ಪತ್ತು ವರ್ಷ ಕಳಪೆ ಸರಕು ಮಾರಿದ ಕಾರ್ಖಾನೆಯೊಂದು ಇಪ್ಪತ್ತೊಂದನೆಯ ವರ್ಷದವರೆಗೆ ಉಳಿದಿರುತ್ತದೆಯೇ ಎಂಬ ಪ್ರಶ್ನೆ ಸಹಜ. 2010ರಲ್ಲಿ ಕೆಲವು ತಂಡಗಳ ಗೋಪ್ಯ ಲೆಕ್ಕಪತ್ರಗಳು ಸೋರಿಕೆಯಾದಾಗ ಉತ್ತರ ದೊರೆಯಿತು. 2007 ಮತ್ತು 2008, ಈ ಎರಡೂ ವರ್ಷಗಳಲ್ಲಿ ತೊಂಬತ್ತಕ್ಕೂ ಹೆಚ್ಚು ಪಂದ್ಯಗಳನ್ನು ಸೋತ ಪೈರೇಟ್ಸ್ ಸಂಸ್ಥೆಯು ಅವೇ ಎರಡು ವರ್ಷಗಳಲ್ಲಿ ಒಟ್ಟು ಸುಮಾರು 2.9 ಕೋಟಿ ಡಾಲರ್ ಲಾಭ ತೋರಿಸಿತ್ತು. 2013ರಿಂದ 2015ರವರೆಗೆ ಮೂರು ವರ್ಷ ತಂಡ ಚೇತರಿಸಿಕೊಂಡು ಪ್ಲೇಆಫ್ ತಲುಪಿತು. ಆಮೇಲೆ ಮತ್ತೆ ಹಳೆಯ ದಾರಿಯೇ. 2025ರಲ್ಲಿ ಆ ತಂಡದ ಯುವ ಬೌಲರ್, ಅಲ್ಲಿನ ಭಾಷೆಯಲ್ಲಿ ಪಿಚರ್, ಪಾಲ್ ಸ್ಕೀನ್ಸ್ ನ್ಯಾಷನಲ್ ಲೀಗಿನ ಶ್ರೇಷ್ಠ ಪಿಚರ್ ಪ್ರಶಸ್ತಿಗೆ ಅವಿರೋಧವಾಗಿ ಆಯ್ಕೆಯಾದರು. ಅವರ ಹೆಸರಿನಲ್ಲಿ ದಾಖಲಾದ ಗೆಲುವು 10, ಸೋಲು 10. ಎಷ್ಟೇ ಚೆನ್ನಾಗಿ ಎಸೆದರೂ ಓಟ ಗಳಿಸಿಕೊಡುವ ದಾಂಡಿಗರು ತಂಡದಲ್ಲಿರಲಿಲ್ಲ. ಆ ವರ್ಷ ಅವರ ಮೂಲ ವೇತನ 10 ಲಕ್ಷ ಡಾಲರಿಗೂ ಕಡಿಮೆ. ಇಡೀ ತಂಡದ ವೇತನ ಪಟ್ಟಿಯ ಮೊತ್ತ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಮೊತ್ತದ ಮೂರನೇ ಒಂದು ಭಾಗಕ್ಕಿಂತ ಕಡಿಮೆ.

ಸೋಲುವ ಸಂಸ್ಥೆಗೆ ಲಾಭ ಎಲ್ಲಿಂದ ಬರುತ್ತದೆ? ರಾಷ್ಟ್ರವ್ಯಾಪಿ ದೂರದರ್ಶನ ಪ್ರಸಾರದ ಹಕ್ಕುಗಳಿಂದ ಬರುವ ಹಣವು ಮೂವತ್ತು ತಂಡಗಳಿಗೂ ಸಮಪಾಲಾಗುತ್ತದೆ. ಇದಲ್ಲದೆ ಟಿಕೆಟ್ ಮಾರಾಟ, ಸ್ಥಳೀಯ ಪ್ರಸಾರ ಮುಂತಾದ ಸ್ಥಳೀಯ ಆದಾಯದಲ್ಲಿ ಕ್ರೀಡಾಂಗಣದ ವೆಚ್ಚ ಕಳೆದು ಉಳಿದ ಮೊತ್ತದ ಶೇ. 48ರಷ್ಟನ್ನು ಪ್ರತಿ ತಂಡವೂ ಒಂದು ಸಾಮಾನ್ಯ ನಿಧಿಗೆ ಕಟ್ಟಬೇಕು. ಆ ನಿಧಿಯನ್ನು ಮೂವತ್ತು ಸಮಭಾಗ ಮಾಡಿ ಹಿಂದಿರುಗಿಸಲಾಗುತ್ತದೆ. ಹೆಚ್ಚು ಆದಾಯದ ದೊಡ್ಡ ನಗರಗಳು ಕೊಡುವವರಾಗುತ್ತವೆ, ಚಿಕ್ಕ ನಗರಗಳು ಪಡೆಯುವವರಾಗುತ್ತವೆ. ನ್ಯೂಯಾರ್ಕ್ ನಗರಕ್ಕೂ ಪಿಟ್ಸ್‌ಬರ್ಗಿಗೂ ಇರುವ ಜನಸಂಖ್ಯೆಯ ಅಂತರವನ್ನು ನೋಡಿದರೆ ಈ ಏರ್ಪಾಡಿನ ಉದ್ದೇಶವನ್ನು ಯಾರೂ ತಪ್ಪೆನ್ನಲಾರರು. ಎದುರಾಳಿಯಿಲ್ಲದೆ ಪಂದ್ಯವಿಲ್ಲ. ದೊಡ್ಡ ತಂಡವು ಚಿಕ್ಕ ತಂಡವನ್ನು ಉಳಿಸಿಕೊಳ್ಳಲೇಬೇಕು.

ದೋಷವಿರುವುದು ಉದ್ದೇಶದಲ್ಲಲ್ಲ, ಗಣಿತದಲ್ಲಿ. ಚಿಕ್ಕ ನಗರದ ಮಾಲೀಕನೊಬ್ಬನು ಒಳ್ಳೆಯ ಆಟಗಾರನನ್ನು ಕೊಂಡು, ಅದರ ಫಲವಾಗಿ ಸ್ಥಳೀಯ ಆದಾಯವು ಒಂದು ಡಾಲರ್ ಹೆಚ್ಚಿತು ಎಂದು ಭಾವಿಸೋಣ. ಅದರಲ್ಲಿ 48 ಸೆಂಟ್ ಸಾಮಾನ್ಯ ನಿಧಿಗೆ ಹೋಗುತ್ತದೆ. ಆ 48 ಸೆಂಟಿನ ಮೂವತ್ತನೇ ಒಂದು ಪಾಲು, ಅಂದರೆ 1.6 ಸೆಂಟ್ ಮಾತ್ರ ಹಿಂದಕ್ಕೆ ಬರುತ್ತದೆ. ಕೈಯಲ್ಲಿ ಉಳಿಯುವುದು 53.6 ಸೆಂಟ್. ಆಟಗಾರನ ವೇತನವನ್ನಾದರೋ ಪೂರ್ತಿ ಅವನೇ ತೆರಬೇಕು. ಖರ್ಚು ಮಾಡದೆ ಸುಮ್ಮನೆ ಕುಳಿತವನಿಗೆ ಮಾತ್ರ ನಿಧಿಯ ಪಾಲು ಕಡಿಮೆಯಾಗುವುದಿಲ್ಲ. ಹೂಡಿಕೆಯ ಪ್ರತಿಫಲದ ಅರ್ಧವನ್ನು ಕಿತ್ತುಕೊಂಡು, ಹೂಡದಿರುವಿಕೆಗೆ ಖಚಿತ ಆದಾಯ ನೀಡುವ ಯಾವುದೇ ವ್ಯವಸ್ಥೆಯಲ್ಲಿ ಲೆಕ್ಕ ಬಲ್ಲ ವ್ಯಾಪಾರಿ ಏನು ಮಾಡಿಯಾನು ಎಂಬುದನ್ನು ವಿವರಿಸಬೇಕಾಗಿಲ್ಲ.

ಈ ಹಣವನ್ನು ಮೈದಾನದಲ್ಲಿ ತಂಡದ ಸಾಧನೆಯನ್ನು ಉತ್ತಮಪಡಿಸಲು ಬಳಸಬೇಕೆಂಬ ಷರತ್ತು ಮಾಲೀಕರು ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದದಲ್ಲಿಯೇ ಇದೆ. 2018ರಲ್ಲಿ ಆಟಗಾರರ ಸಂಘವು ಪೈರೇಟ್ಸ್, ಮಯಾಮಿ ಮಾರ್ಲಿನ್ಸ್, ಟ್ಯಾಂಪಾ ಬೇ ರೇಸ್ ಮತ್ತು ಓಕ್ಲೆಂಡ್ ಅಥ್ಲೆಟಿಕ್ಸ್ ತಂಡಗಳ ವಿರುದ್ಧ ಈ ಷರತ್ತಿನ ಉಲ್ಲಂಘನೆಯ ದೂರನ್ನು ದಾಖಲಿಸಿತು. ಷರತ್ತು ಕಾಗದದ ಮೇಲಿದ್ದರೆ ಸಾಲದು, ಅದಕ್ಕೆ ಸಂಖ್ಯೆಯ ಅಳತೆಗೋಲು ಬೇಕು. ಅಂಥ ಅಳತೆಗೋಲು ಇದ್ದಾಗ ಪರಿಣಾಮವೂ ಆಗುತ್ತದೆ. ಪಡೆದ ಪಾಲಿಗೆ ತಕ್ಕಷ್ಟು ವೇತನ ವೆಚ್ಚವನ್ನು ತೋರಿಸದಿದ್ದರೆ ಮತ್ತೆ ದೂರು ಬರಬಹುದೆಂಬ ಸ್ಥಿತಿಯಲ್ಲಿದ್ದ ಅಥ್ಲೆಟಿಕ್ಸ್ ಸಂಸ್ಥೆಯು 2024ರ ಡಿಸೆಂಬರ್‌ನಲ್ಲಿ ಲೂಯಿಸ್ ಸೆವೆರಿನೊ ಎಂಬ ಪಿಚರ್‌ಗೆ ಮೂರು ವರ್ಷಗಳ 6.7 ಕೋಟಿ ಡಾಲರ್ ಕರಾರು ನೀಡಿತು. ಆ ಸಂಸ್ಥೆಯ ಇತಿಹಾಸದಲ್ಲಿ ಅದುವರೆಗೆ ಅಷ್ಟು ದೊಡ್ಡ ಕರಾರೇ ಇರಲಿಲ್ಲ.

ಸುರಿಯುವವರ ಸಂಗತಿ

ಇನ್ನೊಂದು ತುದಿಯಲ್ಲಿ ಡಾಡ್ಜರ್ಸ್ ಇದ್ದಾರೆ. 2014ರಿಂದ 25 ವರ್ಷಗಳ ಅವಧಿಗೆ ಸುಮಾರು 835 ಕೋಟಿ ಡಾಲರ್‌ಗಳ ಸ್ಥಳೀಯ ಪ್ರಸಾರ ಒಪ್ಪಂದ ಅವರದು. 2023ರ ಡಿಸೆಂಬರ್‌ನಲ್ಲಿ ಜಪಾನಿನ ಶೊಹೆ ಒಹ್ತಾನಿ ಅವರೊಂದಿಗೆ 10 ವರ್ಷಕ್ಕೆ 70 ಕೋಟಿ ಡಾಲರ್‌ಗಳ ಕರಾರಾಯಿತು. ಲೆಕ್ಕಪರಿಶೋಧಕರಿಗೆ ಈ ಕರಾರಿನ ಮೊತ್ತಕ್ಕಿಂತ ಅದರ ರಚನೆಯೇ ಹೆಚ್ಚು ಆಸಕ್ತಿಕರ. ಪ್ರತಿ ವರ್ಷ ಕೈಗೆ ಕೊಡುವುದು 20 ಲಕ್ಷ ಡಾಲರ್ ಮಾತ್ರ. ಉಳಿದ 68 ಕೋಟಿಯನ್ನು 2034ರಿಂದ 2043ರವರೆಗೆ, ಬಡ್ಡಿಯಿಲ್ಲದೆ, ಕೊಡಬೇಕು. ಮುಂದೂಡಿದ ಹಣಕ್ಕೆ ಬಡ್ಡಿಯಿಲ್ಲವಾದ್ದರಿಂದ ಅದರ ಪ್ರಸ್ತುತ ಮೌಲ್ಯ ಕುಗ್ಗುತ್ತದೆ. ಹೀಗಾಗಿ ಲೀಗಿನ ಹೆಚ್ಚುವರಿ ವೆಚ್ಚ ತೆರಿಗೆಯ ಲೆಕ್ಕಕ್ಕೆ ಈ ಕರಾರು ವರ್ಷಕ್ಕೆ 7 ಕೋಟಿಯಾಗಿ ಅಲ್ಲ, ಸುಮಾರು 4.6 ಕೋಟಿಯಾಗಿ ಸೇರುತ್ತದೆ. ಇದನ್ನು ಕಣ್ಕಟ್ಟು ಎಂದು ಕರೆದ ಅಭಿಮಾನಿಗಳು ಅನೇಕ. ಆದರೆ ಅದು ಸರಿಯಲ್ಲ. ಇಪ್ಪತ್ತು ವರ್ಷಗಳ ನಂತರದ ರೂಪಾಯಿಯನ್ನು ಇಂದಿನ ರೂಪಾಯಿಗೆ ಸಮವೆಂದು ಎಣಿಸುವುದೇ ತಪ್ಪು ಲೆಕ್ಕ. ಬಾಕಿಯ ಹಣವನ್ನು ಮುಂಚಿತವಾಗಿ ತೆಗೆದಿರಿಸಬೇಕೆಂಬ ನಿಯಮವೂ ಇದೆ. ಬಡ್ಡಿ ಸೇರಿಸಿ ಮುಂದೂಡಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್ ಮೆಟ್ಸ್ ತಂಡದ ಉದಾಹರಣೆಯಿದೆ. ಬಾಬಿ ಬೊನಿಲ್ಲಾ ಎಂಬ ಆಟಗಾರನಿಗೆ 2000ದಲ್ಲಿ ಕೊಡಬೇಕಾಗಿದ್ದ ಸುಮಾರು 59 ಲಕ್ಷ ಡಾಲರನ್ನು ಶೇ. 8ರ ಬಡ್ಡಿಗೆ ಮುಂದೂಡಿದ ಆ ಸಂಸ್ಥೆಯು 2011ರಿಂದ 2035ರವರೆಗೆ ಪ್ರತಿ ಜುಲೈ 1ರಂದು ಸುಮಾರು 11.9 ಲಕ್ಷ ಡಾಲರ್ ತೆರುವ ಕಟ್ಟಿಗೆ ಒಳಗಾಯಿತು. ಆ ಆಟಗಾರ ಮೈದಾನ ಬಿಟ್ಟು ಎರಡು ದಶಕಗಳೇ ಸಂದಿವೆ.

2024ರಲ್ಲಿ ಡಾಡ್ಜರ್ಸ್ ಸುಮಾರು 10.3 ಕೋಟಿ ಡಾಲರ್ ಹೆಚ್ಚುವರಿ ವೆಚ್ಚ ತೆರಿಗೆ ತೆತ್ತು ವರ್ಲ್ಡ್ ಸೀರೀಸ್ ಗೆದ್ದರು. 2025ರಲ್ಲಿ ಟೊರಾಂಟೊ ತಂಡವನ್ನು ಏಳು ಪಂದ್ಯಗಳ ಸರಣಿಯಲ್ಲಿ ಸೋಲಿಸಿ ಮತ್ತೊಮ್ಮೆ ಗೆದ್ದರು. ಹಣವಿದ್ದವನದೇ ಗೆಲುವು ಎಂಬ ಕೂಗು ಆಗ ಮುಗಿಲು ಮುಟ್ಟಿತು. ಈ ಕೂಗಿನಲ್ಲಿ ಅರ್ಧ ಸತ್ಯವಿದೆ. 2023ರಲ್ಲಿ ಸ್ಟೀವ್ ಕೋಹೆನ್ ಒಡೆತನದ ಮೆಟ್ಸ್ ತಂಡವು ಅದುವರೆಗಿನ ದಾಖಲೆಯ ವೇತನ ಪಟ್ಟಿಯನ್ನು ಹೊಂದಿತ್ತು, ತೆರಿಗೆಯನ್ನೇ 10 ಕೋಟಿ ಡಾಲರಿಗೂ ಮಿಗಿಲಾಗಿ ಕಟ್ಟಿತು. ಫಲ: 75 ಗೆಲುವು, 87 ಸೋಲು. 2002ರಲ್ಲಿ ಓಕ್ಲೆಂಡ್ ತಂಡವು ನ್ಯೂಯಾರ್ಕ್ ಯಾಂಕೀಸ್ ತಂಡದ ವೇತನದ ಮೂರನೇ ಒಂದು ಭಾಗದಷ್ಟು ಹಣದಲ್ಲಿ 103 ಪಂದ್ಯ ಗೆದ್ದಿತ್ತು. ಮಿಲ್ವಾಕಿ ಬ್ರೂವರ್ಸ್ ಎಂಬ ಚಿಕ್ಕ ನಗರದ ತಂಡವು 2025ರ ಋತುವಿನಲ್ಲಿ 97 ಪಂದ್ಯ ಗೆದ್ದು ಎಲ್ಲರಿಗಿಂತ ಮುಂದಿತ್ತು. ಹಣವು ಗೆಲುವನ್ನು ಕೊಳ್ಳುವುದಿಲ್ಲ, ಗೆಲ್ಲುವ ಸಂಭವವನ್ನಷ್ಟೇ ಕೊಳ್ಳುತ್ತದೆ. ಸುರಿಯುವ ಮಾಲೀಕನು ತನ್ನ ಬಂಡವಾಳವನ್ನು ಅಪಾಯಕ್ಕೊಡ್ಡುತ್ತಾನೆ. ಸುರಿಯದವನು ಬೇರೆಯವರ ಹಣವನ್ನು ಪಡೆದು ಜೇಬಿಗಿಳಿಸುತ್ತಾನೆ. ಅಭಿಮಾನಿಗಳು ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿಟ್ಟು ದೂರುವುದು ನ್ಯಾಯವೆನಿಸದು.

ಲಾಭ ಅಡಗಿರುವ ಸ್ಥಳ

ವಾರ್ಷಿಕ ಲಾಭ-ನಷ್ಟ ಖಾತೆಯನ್ನು ಮಾತ್ರ ನೋಡಿದರೆ ಈ ಉದ್ಯಮ ಅರ್ಥವಾಗುವುದಿಲ್ಲ. ಪೀಟರ್ ಏಂಜೆಲೋಸ್ ಅವರ ಗುಂಪು 1993ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ತಂಡವನ್ನು 17.3 ಕೋಟಿ ಡಾಲರಿಗೆ ಕೊಂಡಿತು. 1998ರಿಂದ 2011ರವರೆಗೆ ಸತತ 14 ವರ್ಷ ಆ ತಂಡ ಸೋಲಿನ ಪಟ್ಟಿಯಲ್ಲಿತ್ತು. 2024ರಲ್ಲಿ ಅದು 172.5 ಕೋಟಿ ಡಾಲರ್ ಮೌಲ್ಯಕ್ಕೆ ಡೇವಿಡ್ ರೂಬೆನ್‌ಸ್ಟೈನ್ ಅವರ ಗುಂಪಿಗೆ ಮಾರಾಟವಾಯಿತು. 31 ವರ್ಷಗಳಲ್ಲಿ ಹತ್ತು ಪಟ್ಟು, ಅಂದರೆ ವರ್ಷಕ್ಕೆ ಸುಮಾರು ಶೇ. 7.7ರ ಚಕ್ರಬಡ್ಡಿ. ಮಯಾಮಿಯ ಜೆಫ್ರಿ ಲೋರಿಯಾ ಇನ್ನೂ ಚತುರರು. 2002ರಲ್ಲಿ 15.8 ಕೋಟಿಗೆ ಕೊಂಡ ಮಾರ್ಲಿನ್ಸ್ ತಂಡವನ್ನು 2017ರಲ್ಲಿ 120 ಕೋಟಿಗೆ ಮಾರಿದರು. ಇಲ್ಲಿ ಚಕ್ರಬಡ್ಡಿಯ ದರ ಶೇ. 14ನ್ನು ಮೀರುತ್ತದೆ. 2003ರಲ್ಲಿ ಒಮ್ಮೆ ವರ್ಲ್ಡ್ ಸೀರೀಸ್ ಗೆದ್ದದ್ದನ್ನು ಬಿಟ್ಟರೆ, ಅವರ ಕಾಲದಲ್ಲಿ ತಂಡವು ಮತ್ತೆ ಪ್ಲೇಆಫ್‌ನ ಮುಖ ನೋಡಲಿಲ್ಲ. ಆಟದ ಫಲಿತಾಂಶಕ್ಕೂ ಆಸ್ತಿಯ ಬೆಲೆಗೂ ಸಂಬಂಧ ಕಡಿದುಹೋಗಿದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಡ. ಬೆಲೆ ಏರುವುದು ತಂಡ ಚೆನ್ನಾಗಿದೆಯೆಂದಲ್ಲ, ತಂಡಗಳು ಮೂವತ್ತೇ ಇವೆಯೆಂದು.

ತೆರಿಗೆಯ ವಿಷಯ ಇನ್ನೂ ಸ್ವಾರಸ್ಯಕರ. ಕ್ಲೀವ್‌ಲ್ಯಾಂಡ್, ಸೇಂಟ್ ಲೂಯಿಸ್ ಮತ್ತು ಶಿಕಾಗೊ ತಂಡಗಳ ಒಡೆಯರಾಗಿದ್ದ ಬಿಲ್ ವೀಕ್ ಎಂಬುವರು, ತಂಡವನ್ನು ಕೊಂಡಾಗ ತೆತ್ತ ಬೆಲೆಯ ಬಹುಭಾಗವನ್ನು ಆಟಗಾರರ ಕರಾರುಗಳ ಬೆಲೆಯೆಂದು ತೋರಿಸಿ, ಯಂತ್ರೋಪಕರಣಗಳಂತೆ ಅದಕ್ಕೂ ಸವಕಳಿ ಪಡೆಯಬಹುದೆಂಬ ವಾದವನ್ನು ತೆರಿಗೆ ಇಲಾಖೆಯು ಒಪ್ಪುವಂತೆ ಮಾಡಿದರು. ಆಟಗಾರನ ವೇತನವು ಹೇಗೂ ವೆಚ್ಚವಾಗಿ ಕಳೆಯುತ್ತದೆ. ಅದೇ ಆಟಗಾರನು ಸವೆಯುತ್ತಾನೆಂದು ಇನ್ನೊಮ್ಮೆ ಕಳೆಯುವುದು ಈ ಯುಕ್ತಿ. ನಿಜವಾಗಿ ಸವೆಯುವ ಮೊಣಕೈ, ಮಂಡಿಗಳ ಒಡೆಯನಾದ ಆಟಗಾರನಿಗೆ ಮಾತ್ರ ತನ್ನ ಆದಾಯ ತೆರಿಗೆಯಲ್ಲಿ ಇಂಥ ಸೌಲಭ್ಯವಿಲ್ಲ! 1976ರ ಕಾನೂನು ಇದಕ್ಕೆ ಮಿತಿ ಹಾಕಿತು. 2004ರ ಕಾನೂನು ತಂಡದ ಕ್ರಯದ ಬಹುತೇಕ ಎಲ್ಲ ಅಮೂರ್ತ ಆಸ್ತಿಯನ್ನು 15 ವರ್ಷಗಳಲ್ಲಿ ವಜಾ ಮಾಡಲು ಅನುವು ಮಾಡಿಕೊಟ್ಟಿತು. 172.5 ಕೋಟಿಗೆ ಕೊಂಡ ತಂಡದ ಬೆಲೆಯಷ್ಟೂ ಅಮೂರ್ತ ಆಸ್ತಿಯೆಂದುಕೊಂಡರೆ ವರ್ಷಕ್ಕೆ 11.5 ಕೋಟಿ ಡಾಲರ್ ಕಾಗದದ ಮೇಲಿನ ವೆಚ್ಚ. ಬೆಲೆ ಏರುತ್ತಲೇ ಇರುವ ಆಸ್ತಿಗೆ ಸವಕಳಿ! ಭಾರತದಲ್ಲಿ 2021ರ ಹಣಕಾಸು ಕಾಯಿದೆಯು ಕೀರ್ತಿಮೌಲ್ಯಕ್ಕೆ ಸವಕಳಿ ಇಲ್ಲವೆಂದು ಸ್ಪಷ್ಟಪಡಿಸಿದಾಗ ಅನೇಕ ಉದ್ಯಮಗಳು ಬೇಸರಿಸಿದವು. ಅಮೆರಿಕದ ಈ ನಿದರ್ಶನವನ್ನು ನೋಡಿದವರಿಗೆ ಆ ತಿದ್ದುಪಡಿಯ ಹಿಂದಿನ ತರ್ಕ ತಿಳಿದೀತು.

ಟೊರಾಂಟೊ ತಂಡದ ಮುಖ್ಯಸ್ಥರಾಗಿದ್ದ ಪಾಲ್ ಬೀಸ್ಟನ್ ಸ್ವತಃ ಲೆಕ್ಕಪರಿಶೋಧಕರಾಗಿದ್ದವರು. ಸರ್ವಸಮ್ಮತ ಲೆಕ್ಕಪದ್ಧತಿಯ ಚೌಕಟ್ಟಿನಲ್ಲಿಯೇ 40 ಲಕ್ಷ ಡಾಲರ್ ಲಾಭವನ್ನು 20 ಲಕ್ಷ ಡಾಲರ್ ನಷ್ಟವನ್ನಾಗಿ ತೋರಿಸಬಲ್ಲೆನೆಂದೂ, ದೊಡ್ಡ ದೊಡ್ಡ ಲೆಕ್ಕಪರಿಶೋಧನಾ ಸಂಸ್ಥೆಗಳಿಂದ ಅದಕ್ಕೆ ಒಪ್ಪಿಗೆಯನ್ನೂ ಪಡೆಯಬಲ್ಲೆನೆಂದೂ ಅವರು ಹೇಳಿದ ಮಾತು ಆ ಉದ್ಯಮದಲ್ಲಿ ಪ್ರಸಿದ್ಧ. ವೃತ್ತಿಬಾಂಧವರಿಗೆ ಹಿತವಾದ ಮಾತಲ್ಲ. ಸುಳ್ಳೆನ್ನಲೂ ಬರುವುದಿಲ್ಲ. ಆದುದರಿಂದ "ನಷ್ಟದಲ್ಲಿದ್ದೇವೆ" ಎಂಬ ಮಾಲೀಕರ ಹೇಳಿಕೆಯನ್ನು ಲೆಕ್ಕಪುಸ್ತಕ ತೆರೆಯದೆ ನಂಬುವಂತಿಲ್ಲ.

ಇದೇ "ನಷ್ಟ"ವನ್ನು ಮುಂದಿಟ್ಟುಕೊಂಡು ಸಾರ್ವಜನಿಕ ಹಣದಿಂದ ಕ್ರೀಡಾಂಗಣಗಳನ್ನು ಕಟ್ಟಿಸಿಕೊಳ್ಳಲಾಗುತ್ತದೆ. ಮಯಾಮಿಯಲ್ಲಿ 2012ರಲ್ಲಿ ಆರಂಭವಾದ ಕ್ರೀಡಾಂಗಣದ ವೆಚ್ಚದ ಸುಮಾರು ಮುಕ್ಕಾಲು ಭಾಗವನ್ನು ಸ್ಥಳೀಯ ಸರ್ಕಾರಗಳು ಹೊತ್ತವು. ಅದಕ್ಕಾಗಿ ಎತ್ತಿದ ಸಾಲಗಳ ಪೈಕಿ 9.1 ಕೋಟಿ ಡಾಲರ್‌ಗಳ ಒಂದು ಸಾಲವು ಬಡ್ಡಿಸಹಿತ ತೀರುವ ಹೊತ್ತಿಗೆ ಸುಮಾರು 118 ಕೋಟಿ ಡಾಲರ್ ಆಗುತ್ತದೆ. ಮಾರ್ಲಿನ್ಸ್ ಸಂಸ್ಥೆ ಲಾಭದಲ್ಲಿತ್ತೆಂಬುದು 2010ರ ಸೋರಿಕೆಯಿಂದ ಬಯಲಾದಾಗ ಒಪ್ಪಂದಕ್ಕೆ ಸಹಿ ಬಿದ್ದಾಗಿತ್ತು. 2011ರಲ್ಲಿ ಅಲ್ಲಿನ ಕೌಂಟಿಯ ಮೇಯರ್‌ರನ್ನು ಮತದಾರರು ಮತ ಹಾಕಿ ಕೆಳಗಿಳಿಸಿದರು. ಅದಕ್ಕೆ ಇದೂ ಒಂದು ಕಾರಣವಾಗಿತ್ತು. ಹೊಸ ಕ್ರೀಡಾಂಗಣದಲ್ಲಿ ಒಂದು ಋತು ಕಳೆಯುವಷ್ಟರಲ್ಲಿ ಮಾಲೀಕರು ತಂಡದ ಪ್ರಮುಖ ಆಟಗಾರರನ್ನು ಟೊರಾಂಟೊಗೆ ಸಾಗಹಾಕಿದರು. ಮತದಾರರನ್ನು ಮೊದಲೇ ಕೇಳಿದಲ್ಲಿ ಫಲಿತಾಂಶ ಬೇರೆಯಾಗುವುದುಂಟು. 2024ರ ಏಪ್ರಿಲ್‌ನಲ್ಲಿ ಕಾನ್ಸಾಸ್ ಸಿಟಿಯ ಜಾಕ್ಸನ್ ಕೌಂಟಿಯ ಜನರು ಕ್ರೀಡಾಂಗಣ ತೆರಿಗೆಯನ್ನು ತಿರಸ್ಕರಿಸಿದರು.

ಇಷ್ಟೆಲ್ಲ ಸಾಧ್ಯವಾದದ್ದು ಪೈಪೋಟಿಯ ಅಭಾವದಿಂದ. 1922ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಬೇಸ್‌ಬಾಲ್ ಪಂದ್ಯವು ಅಂತರರಾಜ್ಯ ವಾಣಿಜ್ಯವಲ್ಲವೆಂದು ಹೇಳಿ ಏಕಸ್ವಾಮ್ಯ ನಿಗ್ರಹ ಕಾನೂನಿನಿಂದ ಅದಕ್ಕೆ ವಿನಾಯಿತಿ ನೀಡಿತು. ಬೇರೆ ಯಾವ ಕ್ರೀಡೆಗೂ ಇಂಥ ವಿನಾಯಿತಿ ದೊರೆಯಲಿಲ್ಲ. 1998ರಲ್ಲಿ ಆಟಗಾರರ ದುಡಿಮೆಯ ವಿಷಯದಲ್ಲಿ ಅದನ್ನು ಕಡಿತಗೊಳಿಸಲಾಯಿತಾದರೂ ತಂಡಗಳ ಸ್ಥಳ ಮತ್ತು ಪ್ರದೇಶದ ಹಕ್ಕುಗಳ ವಿಷಯದಲ್ಲಿ ಅದು ಉಳಿದುಕೊಂಡಿತು. ಅಥ್ಲೆಟಿಕ್ಸ್ ತಂಡವನ್ನು ಬರಮಾಡಿಕೊಳ್ಳಲು ಸ್ಯಾನ್ ಹೋಸೆ ನಗರವು ಹೂಡಿದ ದಾವೆ 2015ರಲ್ಲಿ ಬಿದ್ದುಹೋದದ್ದು ಇದೇ ಕಾರಣಕ್ಕೆ. ಭಾರತದಲ್ಲಿ ಸ್ಪರ್ಧಾ ಆಯೋಗವು 2013ರಲ್ಲಿ ಕ್ರಿಕೆಟ್ ಮಂಡಳಿಗೆ 52.24 ಕೋಟಿ ರೂಪಾಯಿ ದಂಡ ವಿಧಿಸಿತು. ಆ ಆದೇಶ ಮೇಲ್ಮನವಿಯಲ್ಲಿ ರದ್ದಾದ ಮೇಲೆ 2017ರಲ್ಲಿ ಮತ್ತೆ ಅಷ್ಟೇ ದಂಡ ವಿಧಿಸಿತು. ಕ್ರೀಡೆಯೂ ವಾಣಿಜ್ಯವೇ ಎಂಬ ವಿಷಯದಲ್ಲಿ ಇಲ್ಲಿನ ದೃಷ್ಟಿ ಹೆಚ್ಚು ನೇರವಾಗಿದೆ.

ಓಕ್ಲೆಂಡಿನ ಅಭಿಮಾನಿಗಳು ಈ ಏಕಸ್ವಾಮ್ಯದ ಪೂರ್ತಿ ಬೆಲೆ ತೆತ್ತವರು. ಮಾಲೀಕ ಜಾನ್ ಫಿಶರ್ ತಂಡವನ್ನು ಲಾಸ್ ವೇಗಸ್‌ಗೆ ಒಯ್ಯಲು ನಿರ್ಧರಿಸಿ, ವೇತನವನ್ನು ಲೀಗಿನಲ್ಲೇ ಅತಿ ಕಡಿಮೆಗೆ ಇಳಿಸಿ, ಜನರೇ ಬರುತ್ತಿಲ್ಲವೆಂದು ಕಾರಣ ನೀಡಿದರು. 2023ರ ಜೂನ್ 13ರಂದು ಅಭಿಮಾನಿಗಳು ಬಹಿಷ್ಕಾರದ ಬದಲು ತಿರುಗುಬಹಿಷ್ಕಾರ ನಡೆಸಿದರು. 27,759 ಮಂದಿ ಟಿಕೆಟ್ ಕೊಂಡು ಬಂದು, ಬರಲು ಜನರಿದ್ದಾರೆ, ಆದರೆ ಮಾಲೀಕನಿಗೆ ಮಾರುವ ಮನಸ್ಸಿಲ್ಲ ಎಂದು ತೋರಿಸಿದರು. ಅಂದು ತಂಡ 2-1ರಿಂದ ಗೆದ್ದಿತು. ಅದೇ ವಾರ ನೆವಾಡ ರಾಜ್ಯವು ಹೊಸ ಕ್ರೀಡಾಂಗಣಕ್ಕೆ 38 ಕೋಟಿ ಡಾಲರ್‌ವರೆಗಿನ ಸಾರ್ವಜನಿಕ ನೆರವಿನ ಮಸೂದೆಗೆ ಅಂಕಿತ ಹಾಕಿತು. 2024ರ ಸೆಪ್ಟೆಂಬರ್ 26ರಂದು ಓಕ್ಲೆಂಡಿನಲ್ಲಿ ನಡೆದ ಕೊನೆಯ ಪಂದ್ಯಕ್ಕೆ 46,889 ಜನ ಬಂದಿದ್ದರು.

ಹನ್ನೆರಡು ಬಾಗಿಲುಗಳು

ಇನ್ನು ಪ್ಲೇಆಫ್ ವಿಷಯ. 1968ರವರೆಗೆ ಎರಡು ಲೀಗುಗಳ ಅಗ್ರ ತಂಡಗಳು ನೇರವಾಗಿ ವರ್ಲ್ಡ್ ಸೀರೀಸ್ ಆಡುತ್ತಿದ್ದವು. 20 ತಂಡಗಳಲ್ಲಿ ಎರಡಕ್ಕೆ ಮಾತ್ರ ಅವಕಾಶ. 1969ರಲ್ಲಿ 24ರಲ್ಲಿ ನಾಲ್ಕು, 1995ರಲ್ಲಿ 28ರಲ್ಲಿ ಎಂಟು, 2012ರಲ್ಲಿ 30ರಲ್ಲಿ ಹತ್ತು, 2022ರಿಂದ ಹನ್ನೆರಡು. ಮಾಲೀಕರು ಕೇಳಿದ್ದು ಹದಿನಾಲ್ಕು. 2021ರ ಡಿಸೆಂಬರ್‌ನಿಂದ 2022ರ ಮಾರ್ಚ್‌ವರೆಗೆ ನಡೆದ ಬೀಗಮುದ್ರೆಯ ನಂತರ ಹನ್ನೆರಡಕ್ಕೆ ರಾಜಿಯಾಯಿತು. ಪ್ಲೇಆಫ್ ಪ್ರಸಾರದ ಹಣ ಮಾಲೀಕರಿಗೆ ಸೇರುತ್ತದೆ. ಆಟಗಾರರ ವೇತನ ಸಾಮಾನ್ಯ ಋತುವಿಗಷ್ಟೇ ಸೀಮಿತ. ಪ್ಲೇಆಫ್‌ನಲ್ಲಿ ಅವರಿಗೆ ಸಿಗುವುದು ಆರಂಭದ ಕೆಲವು ಪಂದ್ಯಗಳ ಟಿಕೆಟ್ ಹಣದ ಪಾಲು. ಹೆಚ್ಚುವರಿ ವೇತನವಿಲ್ಲದ ಹೆಚ್ಚುವರಿ ಉತ್ಪಾದನೆ ಯಾವ ಕಾರ್ಖಾನೆಯ ಮಾಲೀಕನಿಗೆ ಬೇಡ?

1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ 103 ಪಂದ್ಯಗಳನ್ನು ಗೆದ್ದೂ ಮನೆಗೆ ಹೋಯಿತು. ಅದೇ ವಿಭಾಗದ ಅಟ್ಲಾಂಟಾ ಬ್ರೇವ್ಸ್ 104 ಗೆದ್ದಿತ್ತು. ಋತುವಿನ ಕೊನೆಯ ದಿನ ಜೈಂಟ್ಸ್ ತಂಡವು ಡಾಡ್ಜರ್ಸ್ ಎದುರು 12-1ರಿಂದ ಸೋತಾಗ ಆರು ತಿಂಗಳ ಲೆಕ್ಕ ಮುಗಿಯಿತು. ಜೈಂಟ್ಸ್‌ಗೆ ಅದು ಕ್ರೂರವೇ ಸರಿ. ಆದರೆ ಏಪ್ರಿಲ್ ತಿಂಗಳ ಪಂದ್ಯಕ್ಕೂ ಸೆಪ್ಟೆಂಬರಿನ ಪಂದ್ಯದಷ್ಟೇ ಬೆಲೆಯಿದ್ದ ಪದ್ಧತಿಯದು. ಈಗಿನ ಪದ್ಧತಿಯಲ್ಲಿ ಅವೆರಡೂ ತಂಡಗಳು ಸಾಕಷ್ಟು ಮೊದಲೇ ಅರ್ಹತೆ ಪಡೆದು, ಮೊದಲ ಸುತ್ತಿನ ವಿನಾಯಿತಿಗಾಗಿ ಮಾತ್ರ ಸೆಣಸುತ್ತಿದ್ದವು.

2022ರಲ್ಲಿ 111 ಪಂದ್ಯ ಗೆದ್ದಿದ್ದ ಡಾಡ್ಜರ್ಸ್, ತನಗಿಂತ 22 ಗೆಲುವು ಕಡಿಮೆಯಿದ್ದ ಸ್ಯಾನ್ ಡಿಯೆಗೊ ತಂಡದೆದುರು ಐದು ಪಂದ್ಯಗಳ ಕಿರು ಸರಣಿಯಲ್ಲಿ ಸೋತಿತು. 2023ರಲ್ಲಿ 104, 101 ಮತ್ತು 100 ಪಂದ್ಯ ಗೆದ್ದಿದ್ದ ಬ್ರೇವ್ಸ್, ಓರಿಯೋಲ್ಸ್ ಮತ್ತು ಡಾಡ್ಜರ್ಸ್ ತಮ್ಮ ಮೊದಲ ಸರಣಿಯಲ್ಲೇ ಹೊರಬಿದ್ದವು. ಮೂರೂ ತಂಡಗಳು ಸೇರಿ ಗೆದ್ದದ್ದು ಒಂದೇ ಪಂದ್ಯ. 84 ಗೆಲುವು, 78 ಸೋಲಿನ ಅರಿಜೋನಾ ವರ್ಲ್ಡ್ ಸೀರೀಸ್ ತಲುಪಿತು. ವರ್ಷವಿಡೀ ನಡೆದ ವಹಿವಾಟನ್ನು ಬದಿಗಿಟ್ಟು, ಕೊನೆಯ ಐದು ದಿನಗಳ ಗಲ್ಲಾಪೆಟ್ಟಿಗೆಯಿಂದ ಅಂಗಡಿಯ ಯೋಗ್ಯತೆಯನ್ನು ಅಳೆದಂತೆ ಇದು.

ಮಾಲೀಕರ ವೆಚ್ಚಕ್ಕೂ ಪ್ಲೇಆಫ್‌ಗೂ ಇರುವ ಕೊಂಡಿ ಇಲ್ಲಿದೆ. 84 ಗೆಲುವಿಗೇ ಬಾಗಿಲು ತೆರೆಯುವುದಾದರೆ, ಒಳಹೊಕ್ಕ ಮೇಲೆ ಅದೃಷ್ಟವೇ ಬಹುಪಾಲು ನಿರ್ಣಯಿಸುವುದಾದರೆ, 88 ಗೆಲುವಿನ ತಂಡವನ್ನು 98ರ ತಂಡವಾಗಿಸಲು ಐದಾರು ಕೋಟಿ ಡಾಲರ್ ಸುರಿಯುವ ಮಾಲೀಕನು ಮೂಢನೆನಿಸುತ್ತಾನೆ. ಹದಿನಾಲ್ಕು ತಂಡಗಳ ಪ್ರಸ್ತಾಪವನ್ನು ಆಟಗಾರರ ಸಂಘವು ವಿರೋಧಿಸಿದ್ದು ಈ ಭಯದಿಂದಲೇ. ಉತ್ತಮ ಸರಕಿಗೂ ಸಾಧಾರಣ ಸರಕಿಗೂ ಒಂದೇ ಬೆಲೆ ನಿಗದಿಯಾದ ಮಾರುಕಟ್ಟೆಯಲ್ಲಿ ಕ್ರಮೇಣ ಯಾವ ಸರಕು ಉಳಿಯುತ್ತದೆಂಬುದನ್ನು ಹಿಂದಿನ ನಿಯಂತ್ರಣ ಯುಗದಲ್ಲಿ ವ್ಯಾಪಾರ ಮಾಡಿದ ಹಿರಿಯರು ಚೆನ್ನಾಗಿ ಬಲ್ಲರು.

ಐಪಿಎಲ್ ಪದ್ಧತಿ ಈ ವಿಷಯದಲ್ಲಿ ಹೆಚ್ಚು ವಿವೇಕದ್ದು. 2022ರಿಂದ ಅಲ್ಲಿ ಹತ್ತು ತಂಡಗಳಿವೆ, ಮುಂದಿನ ಹಂತಕ್ಕೆ ನಾಲ್ಕಕ್ಕೆ ಮಾತ್ರ ಪ್ರವೇಶ, ಮೊದಲೆರಡು ಸ್ಥಾನದವರಿಗೆ ಒಮ್ಮೆ ಸೋತರೂ ಇನ್ನೊಂದು ಅವಕಾಶ. 2025ರಲ್ಲಿ ಅಗ್ರಸ್ಥಾನದಲ್ಲಿದ್ದ ಪಂಜಾಬ್ ತಂಡವು ಬೆಂಗಳೂರಿನೆದುರು ಮೊದಲ ಅರ್ಹತಾ ಪಂದ್ಯ ಸೋತರೂ, ಲೀಗ್ ಹಂತದ ಸಾಧನೆಯ ಬಲದಿಂದ ಫೈನಲ್ ತಲುಪಿ ಮತ್ತೆ ಬೆಂಗಳೂರನ್ನೇ ಎದುರಿಸಿತು. ಋತುವಿನ ದುಡಿಮೆಗೆ ಅಲ್ಲಿ ಒಂದು ನಿಶ್ಚಿತ ಬೆಲೆಯಿದೆ. ಬೇಸ್‌ಬಾಲ್‌ನಲ್ಲಿ ಅಗ್ರ ತಂಡಕ್ಕೆ ದೊರೆಯುವುದು ಕೆಲವು ದಿನಗಳ ವಿಶ್ರಾಂತಿ ಮತ್ತು ತವರಿನ ಮೈದಾನ.

ಮಾಲೀಕರ ಪರವಾಗಿಯೂ ಹೇಳಬೇಕಾದದ್ದುಂಟು. ಹನ್ನೆರಡು ತಂಡಗಳ ಪದ್ಧತಿಯಿಂದ ಸೆಪ್ಟೆಂಬರ್‌ವರೆಗೂ ಹೆಚ್ಚು ನಗರಗಳಲ್ಲಿ ಕುತೂಹಲ ಉಳಿಯುತ್ತದೆ. ಅರಿಜೋನಾದ ಜನರಿಗೆ 2023ರ ಬಗ್ಗೆ ಯಾವ ದೂರೂ ಇರಲಾರದು. ಆ ವರ್ಷ ಕ್ರೀಡಾಂಗಣಗಳಿಗೆ ಬಂದವರ ಒಟ್ಟು ಸಂಖ್ಯೆ 7 ಕೋಟಿಯನ್ನು ದಾಟಿತು, 2024ರಲ್ಲಿ ಇನ್ನಷ್ಟು ಏರಿತು. ದೂರುತ್ತಲೇ ಬರುತ್ತಾರೆ ಎಂಬುದು ಮಾಲೀಕರ ಧೈರ್ಯ. ಆದರೆ ತಂದೆಯಿಂದ ಮಗನಿಗೆ ಬಂದ ನಿಷ್ಠೆಯು ಆ ಮಾಲೀಕರು ಗಳಿಸಿದ ಕೀರ್ತಿಮೌಲ್ಯವಲ್ಲ. ತಂಡದೊಂದಿಗೆ ಅವರು ಕೊಂಡುಕೊಂಡದ್ದು. ಸೇರಿಸದೆ ತೆಗೆಯುತ್ತ ಹೋದರೆ ಅದೂ ಕರಗುತ್ತದೆ. 2023ರಲ್ಲಿ ಓಕ್ಲೆಂಡಿಗೆ ಇಡೀ ವರ್ಷ ಬಂದವರು ಸುಮಾರು 8.32 ಲಕ್ಷ ಮಾತ್ರ.

2022ರ ಒಪ್ಪಂದವನ್ನು 2026ರ ಡಿಸೆಂಬರ್ 1ಕ್ಕೆ ಮುಗಿಯುವಂತೆ ಬರೆಯಲಾಗಿದೆ. ಡಾಡ್ಜರ್ಸ್‌ನ ಗೆಲುವುಗಳನ್ನು ಮುಂದಿಟ್ಟುಕೊಂಡು ವೇತನಕ್ಕೆ ಗರಿಷ್ಠ ಮಿತಿ ಹಾಕಬೇಕೆಂಬ ಮಾತು ಮಾಲೀಕರ ವಲಯದಿಂದ ಕೇಳಿಬಂದಿದೆ. ಅಭಿಮಾನಿಗಳಲ್ಲಿಯೂ ಅನೇಕರು ಅದಕ್ಕೆ ತಲೆದೂಗುತ್ತಾರೆ. ಗರಿಷ್ಠ ಮಿತಿಯೊಂದನ್ನೇ ಹಾಕಿದರೆ ಉಳಿಕೆಯ ಹಣ ಯಾರ ಖಾತೆಗೆ ಹೋಗುತ್ತದೆಂದು ಅವರು ಕೇಳಿಕೊಳ್ಳಬೇಕು. ಟಿಕೆಟ್ ದರವಂತೂ ಇಳಿಯುವುದಿಲ್ಲ. 2025ರ ಐಪಿಎಲ್ ಹರಾಜಿನಲ್ಲಿ ಪ್ರತಿ ತಂಡಕ್ಕೆ 120 ಕೋಟಿ ರೂಪಾಯಿಗಳ ಮಿತಿಯಿತ್ತು. ಕನಿಷ್ಠ ಇಷ್ಟು ಖರ್ಚು ಮಾಡಲೇಬೇಕೆಂಬ ನಿಯಮವೂ ಜೊತೆಗಿತ್ತು. ಆದರೆ 2023ರಿಂದ 2027ರವರೆಗಿನ ಪ್ರಸಾರ ಹಕ್ಕುಗಳು 48,390 ಕೋಟಿ ರೂಪಾಯಿಗೆ ಮಾರಾಟವಾದುದನ್ನು ನೆನೆದರೆ, ಮಿತಿಯ ಫಲ ಯಾರಿಗೆ ಎಂಬ ಪ್ರಶ್ನೆ ಇಲ್ಲಿಯೂ ಉಳಿಯುತ್ತದೆ. ಬೇಸ್‌ಬಾಲ್‌ಗೆ ಮೊದಲು ಬೇಕಾದುದು ಕನಿಷ್ಠ ಮಿತಿ, ಮತ್ತು ಸಾಮಾನ್ಯ ನಿಧಿಯ ಪಾಲನ್ನು ಗೆಲುವಿಗೋ ವೆಚ್ಚಕ್ಕೋ ತಳುಕು ಹಾಕುವ ಸೂತ್ರ.

ಆ ಸೂತ್ರವನ್ನು ರಚಿಸಬೇಕಾದರೂ ಲೆಕ್ಕ ಕಾಣಬೇಕು. ಅಟ್ಲಾಂಟಾ ಬ್ರೇವ್ಸ್ 2023ರಲ್ಲಿ ಪ್ರತ್ಯೇಕ ಕಂಪನಿಯಾಗಿ ಷೇರುಪೇಟೆಯಲ್ಲಿ ನೋಂದಾಯಿತವಾದುದರಿಂದ ಅದರ ವಾರ್ಷಿಕ ಲೆಕ್ಕವನ್ನು ಯಾರೂ ಓದಬಹುದು. ಆ ವರ್ಷ ಅದರ ಆದಾಯ ಸುಮಾರು 64 ಕೋಟಿ ಡಾಲರ್. ಸುಮಾರು 30 ಕೋಟಿ ಡಾಲರ್ ಸಾರ್ವಜನಿಕ ಹಣದ ನೆರವಿನಿಂದ ಕಟ್ಟಿದ ಕ್ರೀಡಾಂಗಣದ ಸುತ್ತಲಿನ ಮಳಿಗೆ, ಕಚೇರಿ ಕಟ್ಟಡಗಳ ಬಾಡಿಗೆಯೂ ಅದರಲ್ಲಿ ಸೇರಿದೆ. ಉಳಿದ ತಂಡಗಳ ಪುಸ್ತಕಗಳನ್ನು ನೋಡಬೇಕೆಂಬುದು ಆಟಗಾರರ ಸಂಘದ ಹಳೆಯ ಬೇಡಿಕೆ. ಕ್ರೀಡಾಂಗಣಗಳಿಗೆ ತೆರಿಗೆ ಕೊಟ್ಟ ಕೌಂಟಿಗಳು ಅದೇ ಬೇಡಿಕೆಯನ್ನು ಸಾಲಪತ್ರಕ್ಕೆ ಸಹಿ ಹಾಕುವ ಮೊದಲೇ ಷರತ್ತಾಗಿ ಬರೆಸಿಕೊಳ್ಳಬಹುದಾಗಿತ್ತು. ಬ್ಯಾಂಕೊಂದು 10 ಲಕ್ಷ ರೂಪಾಯಿ ಸಾಲ ಕೊಡುವಾಗಲೂ ಸಣ್ಣ ಉದ್ಯಮಿಯಿಂದ ಮೂರು ವರ್ಷಗಳ ಅಢಾವೆ ಪತ್ರಿಕೆ ಕೇಳುತ್ತದೆ.